ಬೀದಿ ಬೆಕ್ಕೋ, ಮನೆ ಬೆಕ್ಕೋ?

ಪ್ರಶ್ನೆ: ನಮ್ಮ ಕಾಂಪೌಂಡಿಗೆ ಐದಾರು ಬೆಕ್ಕು ಬರುತ್ತವೆ. ಎಲ್ಲಕ್ಕೂ ಸಂತಾನಹರಣ ಆಪರೇಷನ್ ಮಾಡಿಸೋಣ ಅಂತಿದ್ದೇವೆ. ಯಾವುದು ಸಾಕಿದ್ದು, ಯಾವುದು ಬೀದಿಯದು ಗೊತ್ತಾಗುತ್ತಿಲ್ಲ. ನಾಳೆ ಯಾರಾದರೂ ಜಗಳಕ್ಕೆ ಬಂದರೆ?
– ಓದುಗರು, ಮಲ್ಲೇಶ್ವರಂ

ಉತ್ತರ: ಕೇಳದೆ ಹಿಡಿದರೆ ಬಂದೇ ಬರುತ್ತಾರೆ. ಒಂದೇ ಬೆಕ್ಕಿಗೆ ಮೂರು ಮನೆಯಲ್ಲಿ ಮೂರು ಹೆಸರಿರುವುದುಂಟು. ದಿನಸಿ ಅಂಗಡಿಯವರು ಇಲಿ ಕಾಟಕ್ಕೆಂದು ಹಾಲು ಹಾಕುವ ಬೆಕ್ಕನ್ನೂ ಸಾಕಿದ್ದೆಂದೇ ಲೆಕ್ಕ ಹಿಡಿಯಿರಿ. ಬೋನು ತರುವ ಮೊದಲು ಒಂದು ವಾರ, ದಿನಾ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಊಟ ಇಟ್ಟು ನೋಡಿ.

ತಟ್ಟೆ ಇಟ್ಟು ಹತ್ತಡಿ ದೂರ ನಿಲ್ಲಿ. ಬಾಲ ನೆಟ್ಟಗೆ ಎತ್ತಿ, ಮುಖ ನೋಡಿ ಮಿಯಾಂವ್ ಎನ್ನುತ್ತಾ ಬರುವುದು ಮನುಷ್ಯರ ಜೊತೆ ಬದುಕಿದ್ದು. ನೆಲಕ್ಕೆ ಒತ್ತಿಕೊಂಡು, ನೀವು ಒಳಗೆ ಹೋಗುವವರೆಗೂ ಕಾರಿನಡಿಯಿಂದ ಕದಲದೆ, ಸದ್ದಿಲ್ಲದೆ ಕೂರುವುದು ಬೀದಿಯಲ್ಲೇ ಹುಟ್ಟಿ ಕೈ ಸೋಕದೆ ಬೆಳೆದದ್ದು. ಮೊದಲ ದಿನ ಗೋಡೆ ಮೇಲೆ, ನಾಲ್ಕನೇ ದಿನ ತಟ್ಟೆ ಹತ್ತಿರ ಕಂಡರೆ ಅದು ಬಹುಶಃ ಮನೆಯಲ್ಲಿದ್ದು ಬೀದಿಪಾಲಾದದ್ದು. ಅಂಥದ್ದಕ್ಕೆ ಹೊಸ ಮನೆ ಹುಡುಕಬಹುದು. ಮೈ ಕೊಳೆಯಾಗಿದ್ದ ಮಾತ್ರಕ್ಕೆ ಬೀದಿಯದು ಎಂದು ತೀರ್ಮಾನಿಸಬೇಡಿ. ಬೀದಿ ಬದುಕಿಗೆ ಒಗ್ಗಿದವು ಮೈ ನೆಕ್ಕಿಕೊಂಡು ಹೊಳೆಯುತ್ತಿರುತ್ತವೆ. ಮೊನ್ನೆ ಮೊನ್ನೆ ಬಿಟ್ಟುಹೋದವೇ ಸೊರಗಿರುತ್ತವೆ. ಕೂದಲು ಗಂಟುಗಟ್ಟಿದ ಪರ್ಷಿಯನ್ ತಳಿಯ ಬೆಕ್ಕು ಸಿಕ್ಕರೆ ವೈದ್ಯರಲ್ಲಿ ಮೈಕ್ರೋಚಿಪ್ (ಮಾಲೀಕರನ್ನು ಗುರುತಿಸಲು ಚರ್ಮದಡಿ ಇಡುವ ಪುಟ್ಟ ಚಿಪ್) ಸ್ಕ್ಯಾನ್ ಮಾಡಿಸಿ.

ಕಿವಿ ನೋಡಲು ಮರೆಯಬೇಡಿ. ಎಡಗಿವಿಯ ತುದಿ ನೇರವಾಗಿ ಕತ್ತರಿಸಿದ್ದರೆ ಸಾಮಾನ್ಯವಾಗಿ ಆಪರೇಷನ್ ಆಗಿದೆ ಎಂದರ್ಥ. ಜಗಳದಲ್ಲಿ ಹರಿದ ಕಿವಿಯ ಅಂಚು ಅಂಕುಡೊಂಕು. ಸಾಕಿದ ಬೆಕ್ಕಿಗೆ ಈ ಗುರುತು ಹಾಕಿಸುವವರು ಕಡಿಮೆ, ಹಾಗಾಗಿ ತುಂಬು ಕಿವಿ ಕಂಡ ಮಾತ್ರಕ್ಕೆ ಆಪರೇಷನ್ ಆಗಿಲ್ಲ ಎನ್ನಲಾಗದು. ಗಂಡಾದರೆ ಬಾಲದ ಕೆಳಗೆ ನೋಡಿದರೆ ಸಾಕು. ಹೆಣ್ಣಿನ ಪಕ್ಕೆಯಲ್ಲೋ ಹೊಟ್ಟೆಯಲ್ಲೋ ಹಳೆಯ ಹೊಲಿಗೆ ಗುರುತನ್ನು ವೈದ್ಯರೇ ಕೂದಲು ಬೋಳಿಸಿ ಹುಡುಕಬೇಕು.

ಮುಟ್ಟಲು ಬಿಡುವ ಬೆಕ್ಕಿನ ಕುತ್ತಿಗೆಗೆ ಕಾಗದದ ಪಟ್ಟಿ ಕಟ್ಟಿ. ಎರಡು ಸೆಂ.ಮೀ. ಅಗಲದ ಪಟ್ಟಿಯಲ್ಲಿ ‘ಈ ಬೆಕ್ಕು ನಿಮ್ಮದೇ? ಆಪರೇಷನ್ ಆಗಿದೆಯೇ?’ ಎಂದು ಬರೆದು, ಫೋನ್ ನಂಬರ್ ಹಾಕಿ, ತುದಿಗಳನ್ನು ಚೂರು ಟೇಪಿನಿಂದ ಅಂಟಿಸಿ. ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಕೊಂಬೆಗೆ ಸಿಕ್ಕಿದರೆ ಕಾಗದ ಹರಿಯುತ್ತದೆ. ದಾರ, ರಬ್ಬರ್ ಬ್ಯಾಂಡ್ ಕುತ್ತಿಗೆ ಬಿಗಿಯುತ್ತವೆ. ಹತ್ತು ದಿನ ಕಾಯಿರಿ, ದಸರಾ ಅಥವಾ ಬೇಸಿಗೆ ರಜೆಯಾದರೆ ಇನ್ನಷ್ಟು. ಊರಿಗೆ ಹೋದವರು ಬರಬೇಕಲ್ಲ. ಬೀದಿಯ ವಾಟ್ಸಾಪ್ ಗುಂಪಿಗಿಂತ ಹಾಲಿನವರು, ಸೊಪ್ಪಿನವರು, ಪೌರಕಾರ್ಮಿಕರು ಕೊಡುವ ಸುದ್ದಿ ಹೆಚ್ಚು ನಂಬಿಕೆಯದು.

ಪ್ರಶ್ನೆ: ಸಾಧು ಎಂದುಕೊಂಡಿದ್ದ ಬೆಕ್ಕು ಬೋನಿನಲ್ಲಿ ಹುಲಿಯಂತೆ ಎಗರಿತು. ಅದು ಸಾಕಿದ್ದಲ್ಲವೇ?
– ಓದುಗರು, ಜಯನಗರ

ಉತ್ತರ: ಬೋನಿಗೆ ಬಿದ್ದ ಯಾವ ಬೆಕ್ಕೂ ಹಾಗೇ. ಮಡಿಲಲ್ಲಿ ಮಲಗುವುದೂ ಹೆದರಿದಾಗ ಉಗುರು ಬಿಡುತ್ತದೆ. ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಸದ್ದಿಲ್ಲದ ಕೋಣೆಯಲ್ಲಿಟ್ಟು, ಮರುದಿನವೋ ಅದರ ಮರುದಿನವೋ ನೋಡಿ. ಬಂಗಡೆ ತುಂಡು ಅಥವಾ ಒಣಮೀನಿಗೆ ಬಹುತೇಕ ಬೆಕ್ಕು ಬೀಳುತ್ತವೆ, ಆದರೆ ಆಪರೇಷನ್‌ಗೆ ಮುನ್ನ ಎಷ್ಟು ಹೊತ್ತು ಉಪವಾಸ ಎಂಬುದನ್ನು ವೈದ್ಯರನ್ನೇ ಕೇಳಿ. ಮರಿಗಳಿಗೆ ದೊಡ್ಡವುಗಳಷ್ಟು ಉಪವಾಸ ಕೂಡದು. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ವಿಚಾರಿಸಿ. ಆಪರೇಷನ್ ಆದಮೇಲೆ ನೋವಿಗೆಂದು ಮನೆಯ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಪ್ರಶ್ನೆ: ಹಾಲೂಡುವ ತಾಯಿ ಬೋನಿಗೆ ಬಿದ್ದರೆ?
– ಓದುಗರು, ಶಿವಾಜಿನಗರ

ಉತ್ತರ: ಮೊಲೆತೊಟ್ಟು ದಪ್ಪಗಾಗಿ, ಸುತ್ತ ಕೂದಲು ಉದುರಿದ್ದರೆ ಎಲ್ಲೋ ಮರಿಗಳಿವೆ. ಎಲ್ಲಿವೆಯೆಂದು ಗೊತ್ತಿಲ್ಲದಿದ್ದರೆ ಅಲ್ಲೇ ಬಿಟ್ಟುಬಿಡಿ. ಎಲ್ಲಿಗೆ ಹೋಗುತ್ತದೆ ಎಂದು ಗಮನಿಸಿ, ಮರಿಗಳು ಆರರಿಂದ ಎಂಟು ವಾರವಾಗಿ ತಾವಾಗಿ ತಿನ್ನತೊಡಗಿದ ಮೇಲೆ ಹಿಡಿಯಿರಿ. ತೀರಾ ತಡಮಾಡಿದರೂ ಕಷ್ಟ: ಹಾಲೂಡುತ್ತಿರುವಾಗಲೇ ಮತ್ತೆ ಗಬ್ಬವಾಗುವುದುಂಟು.