ಕುದುರೆ ಸರಿ, ಲದ್ದಿ ಎತ್ತೋರು ಯಾರು?

ಪ್ರಶ್ನೆ: ನಾನು ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯವಳು. ವಯಸ್ಸು 21, ಬಿ.ಕಾಂ. ಕೊನೆಯ ವರ್ಷ. ಚಿಕ್ಕಂದಿನಿಂದ ಕುದುರೆ ಅಂದರೆ ಹುಚ್ಚು. ಎಂಟು ತಿಂಗಳಿಂದ ಪ್ರತಿ ಭಾನುವಾರ ಮೈಸೂರಿಗೆ ಹೋಗಿ ಸವಾರಿ ಕಲಿಯುತ್ತಿದ್ದೇನೆ. ಮಕ್ಕಳಿಗೆ ಟ್ಯೂಷನ್ ಹೇಳಿ 62,000 ರೂಪಾಯಿ ಕೂಡಿಟ್ಟಿದ್ದೇನೆ. ಈಗ ಒಬ್ಬ ದಲ್ಲಾಳಿ ರೇಸ್ ಬಿಟ್ಟ ಆರು ವರ್ಷದ ಹೆಣ್ಣು ಕುದುರೆಯನ್ನು 45,000ಕ್ಕೆ ಕೊಡುತ್ತೇನೆ ಅಂದಿದ್ದಾನೆ. ಮನೆಯಲ್ಲಿ ಹೇಳದೆ 5,000 ಅಡ್ವಾನ್ಸ್ ಕೊಟ್ಟುಬಿಟ್ಟೆ. ನಮ್ಮದು ಎರಡು ಎಕರೆ, ಕಬ್ಬು ಹಾಕಿದ್ದೇವೆ. ಎರಡು ಹಸು ಇವೆ, ಅವ್ವ ನೋಡಿಕೊಳ್ಳುತ್ತಾರೆ. ಕೊಟ್ಟಿಗೆಯಲ್ಲಿ ಅರ್ಧ ಜಾಗ ಖಾಲಿ ಇದೆ. ವಿಷಯ ಎತ್ತಿದರೆ ಅಪ್ಪ "ಕುದುರೆ ಸಾಕೋಕೆ ನಾವೇನು ಅರಸು ಮಕ್ಕಳಾ?" ಅಂತಾರೆ. ಅವ್ವ "ನೀನು ಮದ್ವೆ ಆಗಿ ಹೋದ್ಮೇಲೆ ಅದನ್ನ ಯಾರು ನೋಡ್ಕೊಳ್ಳೋದು?" ಅಂತಾರೆ. ಹೋದ ವರ್ಷ ಅಣ್ಣ ಕೇಳಿದ ತಕ್ಷಣ ಸಾಲ ಮಾಡಿ ಬೈಕ್ ಕೊಡಿಸಿದರು. ನನ್ನ ದುಡ್ಡಲ್ಲಿ ನಾನು ಕುದುರೆ ತಗೊಂಡರೆ ತಪ್ಪಾ? ಹದಿನೈದು ದಿನದಲ್ಲಿ ಉಳಿದ ದುಡ್ಡು ಕೊಡಬೇಕು. ಏನು ಮಾಡಲಿ?

ಉತ್ತರ: ನಿನ್ನನ್ನು ‘ನೀನು’ ಅಂತಲೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನನ್ನ ಮಗಳು ನಿನಗಿಂತ ದೊಡ್ಡವಳು. ಆಸೆ ತಪ್ಪಲ್ಲ. ಟ್ಯೂಷನ್ ಹೇಳಿ 62,000 ಕೂಡಿಟ್ಟವಳಿಗೆ ಹಟ ಇದೆ, ಅದೂ ಗೊತ್ತಾಯಿತು. ಆದರೆ ಈ ಕುದುರೆ ಬೇಡ. ಈ ಹದಿನೈದು ದಿನದಲ್ಲಂತೂ ಬೇಡ. ಯಾಕೆ ಅಂತ ಹೇಳುವ ಮೊದಲು ಒಂದು ಹಳೆಯ ಕಥೆ.

ನಾನು ಬೆಳೆದದ್ದು ಮೈಸೂರಿನ ಲಷ್ಕರ್ ಮೊಹಲ್ಲಾ ಕಡೆಯ ಒಂದು ಬೀದಿಯಲ್ಲಿ. ಎದುರು ಮನೆಯ ಚಾಚಾ ಟಾಂಗಾ ಓಡಿಸುತ್ತಿದ್ದರು. ಒಂದು ಸಲ ನಮ್ಮ ಮನೆಯಲ್ಲಿ ನಾಮಕರಣ. ಊಟ ಉಳಿಯಿತು. ನಾವು ಮೂವರು ಮಕ್ಕಳು ಒಂದು ಬಕೆಟ್ ಅನ್ನಕ್ಕೆ ಒಂದಷ್ಟು ಬೂಂದಿ ಲಾಡು ಪುಡಿ ಮಾಡಿ ಹಾಕಿ ಅವರ ಕುದುರೆಗೆ ತಿನ್ನಿಸಿದೆವು. ಪ್ರೀತಿಯಿಂದಲೇ. ರಾತ್ರಿ ಒಂಬತ್ತಕ್ಕೆ ಅದು ನೆಲಕ್ಕೆ ಬಿದ್ದು ಹೊರಳಾಡಲು ಶುರು ಮಾಡಿತು. ಕುದುರೆಗೆ ವಾಂತಿ ಬರುವುದಿಲ್ಲ, ಗೊತ್ತಾ? ಅದರ ಜಠರದ ಬಾಯಿ ಅಷ್ಟು ಬಿಗಿ. ನಮ್ಮ ಹಾಗೆ ಕಕ್ಕಿ ಹಗುರಾಗುವ ಹಾಗಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಬರಬೇಕು, ಇಲ್ಲದಿದ್ದರೆ ಪ್ರಾಣವೇ ಹೋಗಬಹುದು. ಚಾಚಾ ಅದನ್ನು ಎಬ್ಬಿಸಿ, ಹಗ್ಗ ಹಿಡಿದು ಬೀದಿಯ ಆ ತುದಿಯಿಂದ ಈ ತುದಿಗೆ ನಡೆಸುತ್ತಲೇ ಇದ್ದರು. ನಡುರಾತ್ರಿ ಡಾಕ್ಟರು ಬಂದು ಮೂಗಿನಿಂದ ಉದ್ದನೆಯ ನಳಿಗೆ ಇಳಿಸಿ ಎಣ್ಣೆ ಬಿಟ್ಟರು. ಬೆಳಿಗ್ಗೆ ಐದೂವರೆಗೆ ಕುದುರೆ ಲದ್ದಿ ಹಾಕಿತು. ಒಂದು ಬುಟ್ಟಿ ಲದ್ದಿ ನೋಡಿ ಇಡೀ ಬೀದಿ ಅಷ್ಟು ಖುಷಿಪಟ್ಟದ್ದನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ. ಚಾಚಾ ನಮಗೆ ಬೈಯಲಿಲ್ಲ. ಅವತ್ತು ಗಾಡಿ ಕಟ್ಟಲಿಲ್ಲ, ಅಷ್ಟೆ. ಅಂದರೆ ಅವತ್ತು ಅವರ ಮನೆಗೆ ದುಡಿಮೆ ಇಲ್ಲ.

ನಿನಗೆ ಹಸು ಸಾಕಿದ ಮನೆಯವಳೆಂಬ ಧೈರ್ಯ ಇದೆ. ನನಗೆ ಭಯ ಇರುವುದೇ ಅಲ್ಲಿ. ಹಸು ಗಬಗಬ ಮೇಯ್ದು, ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ. ಅಷ್ಟು ದೊಡ್ಡ ಮೈಗೆ ಜಠರ ಮಾತ್ರ 8ರಿಂದ 15 ಲೀಟರಿನದು. ಅದಕ್ಕೇ ಬಯಲಿಗೆ ಬಿಟ್ಟರೆ ದಿನಕ್ಕೆ 16 ಗಂಟೆ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ಬೆಳಿಗ್ಗೆ ಒಂದು ಕಂತೆ, ಸಂಜೆ ಒಂದು ಕಂತೆ ಹಾಕಿ ಕಾಲೇಜಿಗೆ ಹೋಗುತ್ತೇನೆ ಅಂದರೆ ನಡೆಯುವುದಿಲ್ಲ. ರೇಸ್ ಕುದುರೆ ಅಂದೆಯಲ್ಲ, ಅದು ಸುಮಾರು 450 ಕೆಜಿ ತೂಗುತ್ತದೆ. ದಿನಕ್ಕೆ 9 ಕೆಜಿಯಷ್ಟು ಒಣ ಮೇವು ಬೇಕು. ತಿಂಗಳಿಗೆ 270 ಕೆಜಿ. ನೀರು ದಿನಕ್ಕೆ 30-40 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಲದ್ದಿ 15ರಿಂದ 20 ಕೆಜಿ. ಅದೂ ದಿನಕ್ಕೆ.

ನಮ್ಮ ಗದ್ದೆ ಬದಿಯ ನೇಪಿಯರ್ ಹುಲ್ಲು ಇದೆಯಲ್ಲ ಅಂತೀಯ. ಹಸುವಿಗೆ ಅದು ಒಳ್ಳೆಯದು. ಕುದುರೆಗೆ ಅದೊಂದನ್ನೇ ತಿನ್ನಿಸುತ್ತಾ ಹೋದರೆ, ಅದರಲ್ಲಿರುವ ಆಕ್ಸಲೇಟ್ ಮೈಯಿಗೆ ಸುಣ್ಣದ ಅಂಶ ಸಿಗದ ಹಾಗೆ ಮಾಡುತ್ತದೆ, ಮೂಳೆ ಟೊಳ್ಳಾಗುತ್ತದೆ. ಇನ್ನೊಂದು ಮಾತು, ಇದನ್ನು ಮರೆಯಲೇಬೇಡ. ಕೋಳಿ ಫೀಡು, ದನದ ಫೀಡುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಅನ್ನುವ ಔಷಧಿ ಬೆರೆಸಿರುತ್ತಾರೆ. ಕುದುರೆಗೆ ಅದು ವಿಷ. ಸ್ವಲ್ಪವೇ ಹೊಟ್ಟೆಗೆ ಹೋದರೂ ಹೃದಯ ಕೆಡುತ್ತದೆ. ಹಸುವಿನ ಫೀಡ್ ಚೀಲ, ಕುದುರೆಯ ಬಾಯಿ ಎರಡೂ ಒಂದೇ ಕೊಟ್ಟಿಗೆಯಲ್ಲಿ ಅಕ್ಕಪಕ್ಕ ಇರುವುದು ಹುಡುಗಾಟವಲ್ಲ.

ಲಾಳದ ವಿಷಯವೂ ಹೀಗೇ. ಎತ್ತಿಗೆ ಲಾಳ ಕಟ್ಟುವವರು ನಿಮ್ಮ ಕಡೆ ಸಿಗುತ್ತಾರೆ. ಎತ್ತಿನ ಗೊರಸು ಸೀಳಿರುತ್ತದೆ, ಒಂದು ಕಾಲಿಗೆ ಎರಡು ತುಂಡು ಲಾಳ, ಅದನ್ನೂ ಹಗ್ಗ ಹಾಕಿ ಕೆಡವಿಕೊಂಡು ಹೊಡೆಯುತ್ತಾರೆ. ಕುದುರೆಗೆ ನಿಂತಲ್ಲೇ ಕಾಲೆತ್ತಿ ಹಿಡಿದು, ಗೊರಸು ಹದವಾಗಿ ಕೆತ್ತಿ ಹೊಡೆಯಬೇಕು. ಮೊಳೆ ಒಂದಿಷ್ಟು ಒಳಗೆ ಹೋದರೆ ಕುಂಟು. ಆರರಿಂದ ಎಂಟು ವಾರಕ್ಕೊಮ್ಮೆ ಈ ಕೆಲಸ ಗೊತ್ತಿದ್ದವರು ಮೈಸೂರಿನಿಂದ ನಿಮ್ಮ ಹಳ್ಳಿಗೆ ಬರಬೇಕು. ಒಂದು ಕುದುರೆಗೋಸ್ಕರ ಬರುತ್ತಾರಾ? ಕೇಳಿದ್ದೀಯಾ?

ಈಗ ದಲ್ಲಾಳಿಯ ಮಾತಿಗೆ ಬರೋಣ. ಚಾಮುಂಡಿ ಬೆಟ್ಟದ ಕೆಳಗೆ ರೇಸ್ ನೋಡಿದ್ದೀಯ ಅಂದುಕೊಳ್ಳುತ್ತೇನೆ. ಅಲ್ಲಿ ಓಡುವುದು ಥರೋಬ್ರೆಡ್ ತಳಿ. ಎರಡು ವರ್ಷಕ್ಕೇ ಜೀನು ಹಾಕಿಸಿಕೊಂಡು ಓಡಲು ಕಲಿತಿರುತ್ತದೆ. ಬೆಳಿಗ್ಗೆ ಮೈ ಉಜ್ಜಲು ಒಬ್ಬ ಸೈಸ್, ಅಂದರೆ ಕುದುರೆ ಚಾಕರಿಯವನು, ಹೊತ್ತು ಹೊತ್ತಿಗೆ ದಾಣಿ, ಪಕ್ಕದಲ್ಲಿ ಸಾಲು ಸಾಲು ಕುದುರೆ. ಅದಕ್ಕೆ ಗೊತ್ತಿರುವ ಬದುಕು ಅದು. ಅದನ್ನು ತಂದು ಕೊಟ್ಟಿಗೆಯಲ್ಲಿ ಒಂಟಿಯಾಗಿ ಕಟ್ಟಿದರೆ ಹಿಂಡಿನ ಪ್ರಾಣಿ ಕಂಗಾಲಾಗುತ್ತದೆ. ಕೆಲವು ಕುದುರೆಗಳು ಮರ ಕಚ್ಚಿ ಗಾಳಿ ನುಂಗುವ ಚಟ ಹತ್ತಿಸಿಕೊಳ್ಳುತ್ತವೆ, ಕೆಲವು ನಿಂತಲ್ಲೇ ತೂಗಾಡುತ್ತವೆ. ಎಂಟು ತಿಂಗಳು ಭಾನುವಾರ ಮಾತ್ರ, ಅದೂ ಪಳಗಿದ ಶಾಲೆಯ ಕುದುರೆ ಮೇಲೆ ಕೂತವಳು, ಓಡುವುದೊಂದನ್ನೇ ಕಲಿತ ಕುದುರೆಯನ್ನು ನಾಲೆ ಏರಿಯ ಮೇಲೆ ಹಿಡಿದು ನಿಲ್ಲಿಸುತ್ತೀಯಾ? ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ?

ಆರು ವರ್ಷಕ್ಕೇ ರೇಸ್ ಬಿಡಿಸಿದ್ದಾರೆ ಅಂದರೆ ವೇಗ ಸಾಲದೆ ಇರಬಹುದು, ಕಾಲಿಗೆ ಪೆಟ್ಟಾಗಿರಲೂಬಹುದು. ದಲ್ಲಾಳಿ ಹೇಳಿದನಾ? ಅದರ ಗುರುತಿನ ದಾಖಲೆ ತೋರಿಸಿದನಾ? ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಆಗಿದೆಯಾ? ಅದು ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗ. ಇದೆ ಅಂತ ಖಚಿತವಾದರೆ ಔಷಧಿ ಮಾಡುವ ಹಾಗಿಲ್ಲ, ಕುದುರೆಯನ್ನು ಕೊಲ್ಲಲೇಬೇಕು ಅನ್ನುತ್ತದೆ ಕಾನೂನು. ನಿನ್ನ ಪತ್ರದಲ್ಲಿ ಕುದುರೆಯ ಬಣ್ಣ ಕೂಡ ಇಲ್ಲ. ಬರೀ ಬೆಲೆ ಇದೆ. ನೀನು ಅದನ್ನು ಮೊಬೈಲಿನಲ್ಲಿ ಮಾತ್ರ ನೋಡಿದ್ದೀಯ ಅಂತ ನನ್ನ ಅನುಮಾನ.

ಬಣ್ಣ ಬಿಡು. ಆ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. "ಎರಡು ಹಸು ಇವೆ, ಅವ್ವ ನೋಡಿಕೊಳ್ಳುತ್ತಾರೆ."

ಅಷ್ಟು ಹಗುರವಾಗಿ ಬರೆದಿದ್ದೀಯ. ಸಗಣಿ ಬಾಚುವುದು, ಗಂಜಲ ತೊಳೆಯುವುದು, ಹುಲ್ಲು ಕೊಯ್ದು ತರುವುದು, ಎರಡು ಹೊತ್ತು ಹಾಲು ಕರೆದು ಡೈರಿಗೆ ಹಾಕುವುದು, ಎಲ್ಲ ಆ ಒಂದು ಮಾತಿನ ಒಳಗೆ. ನಾಳೆ ನಿನಗೆ ಪರೀಕ್ಷೆ ಬರುತ್ತದೆ. ಜ್ವರ ಬರುತ್ತದೆ. ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಆಗ ಆ 20 ಕೆಜಿ ಲದ್ದಿ ಯಾರ ತಲೆಗೆ? ಅಪ್ಪನಂತೂ ಎತ್ತುವುದಿಲ್ಲ. ಅಣ್ಣ ಬೈಕ್ ತೊಳೆಯುತ್ತಿರುತ್ತಾನೆ. ಅವ್ವ ಕೇಳಿದ ಪ್ರಶ್ನೆಯಲ್ಲಿ ಮದುವೆಯ ಮಾತು ಬಂದದ್ದಕ್ಕೆ ನಿನಗೆ ರೇಗಿತು, ಅಲ್ವಾ? ನನಗೂ ಸ್ವಲ್ಪ ರೇಗಿತು. ನಿನ್ನ ಅಣ್ಣನಿಗೆ ಯಾರೂ ಆ ಮಾತು ಕೇಳುವುದಿಲ್ಲ. ಆದರೆ ಮದುವೆಯನ್ನು ತೆಗೆದುಹಾಕಿ ಓದು. "ನೀನು ಹೋದ್ಮೇಲೆ ಅದನ್ನ ಯಾರು ನೋಡ್ಕೊಳ್ಳೋದು?" ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ ಬದುಕುತ್ತದೆ. ಇದಕ್ಕೆ ಈಗ 6. ಅದು ಮುದಿಯಾಗಿ ಸಾಯುವಾಗ ನಿನಗೆ 40. ಅವ್ವ ಲೆಕ್ಕ ಹಾಕಿಯೇ ಕೇಳಿದ್ದಾರೆ.

ನಮ್ಮೂರ ಕುದುರೆ ಹುಚ್ಚಿನಲ್ಲೂ ಇದೇ ಕಥೆ. ದಸರೆಯಲ್ಲಿ ಪೊಲೀಸರ ಅಶ್ವಾರೋಹಿ ಪಡೆ ಬರುವಾಗ ನಾವೆಲ್ಲ ಸವಾರರನ್ನು ನೋಡಿ ಚಪ್ಪಾಳೆ ಹೊಡೆಯುತ್ತೇವೆ. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಿದ ನಮ್ಮ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಅಂತ ಎದೆಯುಬ್ಬಿಸಿ ಹೇಳುತ್ತೇವೆ. ಆ ಕುದುರೆಗಳಿಗೆ ಬೆಳಗಿನ ಜಾವ ಎದ್ದು ನೀರು ಕುಡಿಸಿದವರ ಫೋಟೋ ಎಲ್ಲೂ ಕಾಣುವುದಿಲ್ಲ. ನೀನು ಕಂಡ ಕನಸಿನಲ್ಲಿ ಯಾರಿದ್ದೀಯ, ಸವಾರಳಾ, ಸೈಸಾ? ಎರಡೂ ನೀನೇ ಆಗಬೇಕಾಗುತ್ತದೆ.

ಅಣ್ಣನ ಬೈಕ್ ವಿಷಯ. ಅದು ಅನ್ಯಾಯ, ನಾನು ನಿನ್ನ ಕಡೆ. ಅವನಿಗೆ ಸಾಲ ಮಾಡಿ ಕೊಡಿಸಿದರು, ನೀನು ದುಡಿದ ದುಡ್ಡಿಗೂ ಅಪ್ಪಣೆ ಬೇಕು. ಇದನ್ನು ಅಪ್ಪನ ಹತ್ತಿರ ಒಂದು ದಿನ ಕೂತು ಹೇಳು, ಅಳದೆ ಹೇಳು. ಆದರೆ ಆ ಲೆಕ್ಕ ತೀರಿಸಲು ಕುದುರೆ ತರಬೇಡ. ಬೈಕ್ ಬೇಜಾರಾದರೆ ಟಾರ್ಪಾಲ್ ಹೊದಿಸಿ ಆರು ತಿಂಗಳು ನಿಲ್ಲಿಸಬಹುದು. ಪೆಟ್ರೋಲ್ ಹಾಕದಿದ್ದರೆ ಅದಕ್ಕೆ ಹೊಟ್ಟೆ ಹಸಿಯುವುದಿಲ್ಲ.

ಹಾಗಾದರೆ ಮಾಡುವುದೇನು? ಅಡ್ವಾನ್ಸ್ ಕೊಟ್ಟದ್ದನ್ನು ಇವತ್ತೇ ಮನೆಯಲ್ಲಿ ಹೇಳು. ಬೈಗುಳ ಬೀಳುತ್ತದೆ, ಬೀಳಲಿ. ದಲ್ಲಾಳಿ ದುಡ್ಡು ವಾಪಸ್ ಕೊಟ್ಟರೆ ಸರಿ. ಕೊಡದಿದ್ದರೆ 5,000 ಹೋಯಿತು ಅಂದುಕೋ. ಅದನ್ನು ಉಳಿಸಲು ಇನ್ನೂ 40,000 ಹಾಕುವ ಬುದ್ಧಿ ಮಾತ್ರ ಮಾಡಬೇಡ. "ಬೇರೆ ಪಾರ್ಟಿ ಬಂದಿದೆ" ಅಂತ ಅವನು ಫೋನ್ ಮಾಡೇ ಮಾಡುತ್ತಾನೆ. ಮಾಡಲಿ.

ಆಮೇಲೆ ಮೂರು ತಿಂಗಳು ಕೊಟ್ಟಿಗೆ ನಿನ್ನದು. ಅವ್ವನಿಗೆ ರಜೆ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚು, ಮಳೆ ಬಂದರೂ ಹುಲ್ಲು ತಾ, ಹಬ್ಬಕ್ಕೆ ನೆಂಟರ ಮನೆಗೆ ಹೋಗಬೇಕು ಅನ್ನಿಸಿದಾಗ ಹಸುವನ್ನು ಯಾರಿಗೆ ಒಪ್ಪಿಸುವುದು ಅಂತ ತಲೆ ಕೆರೆದುಕೋ. ಮೂರು ತಿಂಗಳಲ್ಲಿ ಒಂದು ದಿನವೂ ಅವ್ವನನ್ನು ಕರೆಯದಿದ್ದರೆ, ಮುಂದಿನ ಮಾತನ್ನು ನೀನು ಎತ್ತಬೇಕಾಗಿಲ್ಲ, ಅವರೇ ಎತ್ತುತ್ತಾರೆ.

ಸವಾರಿ ಶಾಲೆಯಲ್ಲೂ ಒಂದು ಮಾತು ಕೇಳು. ಭಾನುವಾರ ಒಂದು ಗಂಟೆ ಹತ್ತಿ ಇಳಿದು ಬರುವ ಬದಲು, ರಜೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಲಾಯದ ಕೆಲಸ ಕೊಡಿ ಅನ್ನು. ಸಂಬಳ ಬೇಡ ಅನ್ನು. ಗೊರಸು ಎತ್ತಿ ಕೆರೆದು ನೋಡುವುದು, ಜೀನು ಉಜ್ಜಿದ ಗಾಯ ಗುರುತಿಸುವುದು, ಕುದುರೆ ಸುಮ್ನೆ ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದರೆ ಏನರ್ಥ ಅನ್ನುವುದು, ಇದೆಲ್ಲ ಅಲ್ಲಿನ ಸೈಸುಗಳಿಗೆ ಗೊತ್ತಿರುತ್ತದೆ. ಅವರನ್ನು ‘ಅಣ್ಣ’ ಅಂತ ಕರೆದು ಕೇಳಿದರೆ ಹೇಳಿಕೊಡುತ್ತಾರೆ. ನಿಮ್ಮೂರ ಪಶು ಆಸ್ಪತ್ರೆಯ ಡಾಕ್ಟರಿಗೆ ಕುದುರೆ ನೋಡಿ ಅಭ್ಯಾಸ ಇದೆಯಾ, ರಾತ್ರಿ ಕರೆದರೆ ಬರುತ್ತಾರಾ ಅಂತಲೂ ವಿಚಾರಿಸಿಡು. ಹಸು ನೋಡಲು ಬಂದಾಗಲೇ ಕೇಳಿದರಾಯಿತು.

ನಿನ್ನ ಆ 57,000 ಬ್ಯಾಂಕಿನಲ್ಲೇ ಇರಲಿ. ಕುದುರೆಯ ಬೆಲೆ ಅಂತ ಅದನ್ನು ನೋಡಬೇಡ, ಒಂದು ವರ್ಷದ ಮೇವು, ಲಾಳ, ಔಷಧಿಯ ಗಂಟು ಅಂತ ನೋಡು. ಆ ಗಂಟನ್ನು ಮುಟ್ಟದೆ ಬೇರೆ ದುಡ್ಡಿನಲ್ಲಿ ಕೊಳ್ಳಲು ಆದಾಗ ಕೊಂಡುಕೋ. ಆಗಲೂ ರೇಸ್ ಕುದುರೆ ಬೇಡ. ಹತ್ತು ಹನ್ನೆರಡು ವರ್ಷ ದಾಟಿದ, ಗಾಡಿ, ಜನ, ಹಾರನ್ನು ಎಲ್ಲ ನೋಡಿ ಸುಸ್ತಾದ, ಸ್ವಲ್ಪ ಗಿಡ್ಡನೆಯ ನಾಟಿ ಕುದುರೆ ಸಾಕು. ಅದರ ಮೇಲೆ ಕೂತು ಫೋಟೋ ಹಾಕಿದರೆ ಯಾರೂ ಬೆರಗಾಗುವುದಿಲ್ಲ. ಆದರೆ ಅದು ನಿನ್ನನ್ನು ಕೆಳಗೆ ಬೀಳಿಸದೆ ಮನೆಗೆ ತರುತ್ತದೆ. ಅಥವಾ ಕೊಳ್ಳಲೇಬೇಕು ಅಂತಿಲ್ಲ. ಒಂದು ಕುದುರೆಯ ತಿಂಗಳ ಖರ್ಚಿನಲ್ಲಿ ಪಾಲು ಕೊಟ್ಟು, ವಾರದಲ್ಲಿ ಮೂರು ದಿನ ಅದರ ಚಾಕರಿ ಮಾಡುತ್ತೇನೆ ಅಂದರೆ ಬೇಡ ಅನ್ನುವ ಲಾಯದವರು ಕಡಿಮೆ.

ಹಾಂ, ಒಂದು ಮರೆತಿದ್ದೆ. ಲಾಯಕ್ಕೆ ಕಾಲಿಡುವ ಮೊದಲು ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ದಿನ ಆಯಿತು ನೋಡಿಕೋ. ಲದ್ದಿ ಬೆರೆತ ಮಣ್ಣಿನಲ್ಲಿ ಧನುರ್ವಾಯು ರೋಗಾಣು ಇರುತ್ತದೆ. ಮೂರು ತಿಂಗಳಾದ ಮೇಲೆ ಮತ್ತೆ ಬರೆ. ಕೊಟ್ಟಿಗೆ ಏನಾಯಿತು, ಅವ್ವ ಏನಂದರು ಅಂತ. ಅಡ್ವಾನ್ಸ್ ವಾಪಸ್ ಬಂತಾ ಅನ್ನುವುದನ್ನೂ ಬರೆ, ನನಗೆ ಅದರ ಕುತೂಹಲವೂ ಇದೆ.