ನೀತಿವಂತನಾಗಿ ಬದುಕಿದರೆ ರಕ್ಷಣೆ ಸಿಗಲ್ವಾ?

ಒಳ್ಳೆಯವನಾಗಿ, ನೀತಿಯಿಂದ ಬದುಕಿದವನಿಗೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಿಗಲೇಬೇಕಲ್ವಾ, ನಡುವೆ ಕ್ರಿಸ್ತನ ಮೇಲಿನ ನಂಬಿಕೆಯ ಮಾತು ಯಾಕೆ ಅಂತ ಕೇಳಿದ್ದೀರಿ. ನಾನು ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಮಕ್ಕಳೂ ಇದನ್ನೇ ಕೇಳುತ್ತಾರೆ.

ಅರ್ಧ ಗೊಂದಲ ‘ನೀತಿ’ ಅನ್ನುವ ಪದದ್ದೇ. ಅದನ್ನು ಕೇಳಿದ ಕೂಡಲೇ ನಮಗೆ ನೀತಿಕಥೆ, ಒಳ್ಳೆಯ ನಡತೆ ನೆನಪಾಗುತ್ತದೆ. ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಪತ್ರಗಳಲ್ಲಿ ಆ ಪದಕ್ಕೆ ಕೋರ್ಟಿನ ವಾಸನೆ ಜಾಸ್ತಿ. ನ್ಯಾಯಾಧೀಶ ‘ಇವನ ಮೇಲೆ ತಪ್ಪಿಲ್ಲ’ ಅಂದರೆ ಅವನು ನೀತಿವಂತ. ಸ್ವಂತ ನಡತೆಯ ಬಲದಿಂದ ಆ ತೀರ್ಪು ಗಿಟ್ಟಿಸುವವರು ಯಾರೂ ಇಲ್ಲ, ಎಲ್ಲರೂ ಪಾಪ ಮಾಡಿದವರೇ ಅಂತ ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯ ಹೇಳುತ್ತದೆ. ಹಾಗಾಗಿ ಆ ತೀರ್ಪು ಕ್ರಿಸ್ತನ ಮೂಲಕ ಉಚಿತವಾಗಿಯೇ ಸಿಗಬೇಕು.

ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಕಥೆಯಿದೆ. ಇಬ್ಬರು ಪ್ರಾರ್ಥನೆಗೆ ದೇವಾಲಯಕ್ಕೆ ಹೋಗುತ್ತಾರೆ. ಒಬ್ಬ ಫರಿಸಾಯ, ಅಂದರೆ ಧರ್ಮದ ಕಟ್ಟಳೆಗಳನ್ನು ಚಾಚೂ ತಪ್ಪದೆ ಪಾಲಿಸುವ ಪಂಗಡದ ಯೆಹೂದಿ. ಅವನು ತನ್ನ ಲೆಕ್ಕ ಒಪ್ಪಿಸುತ್ತಾನೆ: ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು. ಆಸಾಮಿ ಸುಳ್ಳೇನೂ ಹೇಳುತ್ತಿಲ್ಲ, ಗಮನಿಸಿ. ಇನ್ನೊಬ್ಬ ಸುಂಕದವನು, ಅಂದರೆ ತೆರಿಗೆ ವಸೂಲಿಯಲ್ಲಿ ಜನರನ್ನು ಸುಲಿಯುವವನು ಅಂತ ಹೆಸರಾದ ಕಸುಬಿನವನು. ಅವನು ದೂರದಲ್ಲೇ ನಿಂತು, ತಲೆ ಎತ್ತದೆ ಎದೆ ಬಡಿದುಕೊಂಡು, ಪಾಪಿಯಾದ ನನ್ನನ್ನು ಕರುಣಿಸು ಅನ್ನುತ್ತಾನೆ. ಅಷ್ಟೇ. ನೀತಿವಂತ ಅನ್ನಿಸಿಕೊಂಡು ಮನೆಗೆ ಹೋದವನು ಇವನು.

ಈ ಕಥೆ ಹೇಳಿದಾಗ ಒಬ್ಬ ಹುಡುಗ, ‘ಮರುದಿನ ಅವನು ಸುಂಕದ ಕಟ್ಟೆಗೆ ಹೋಗಿ ಮತ್ತೆ ಜನರನ್ನ ದೋಚಿದ್ರೆ?’ ಅಂದ. ನಾನು ಸುಮ್ನೆ ಮುಂದಿನ ಅಧ್ಯಾಯ ತೆಗೆದೆ. ಅಲ್ಲಿ ಯೆರಿಕೋ ಊರಿನ ಜಕ್ಕಾಯ, ಅವನೂ ಸುಂಕದವನೇ. ಮರ ಹತ್ತಿ ಕೂತಿದ್ದವನಿಗೆ ಯೇಸು, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅನ್ನುತ್ತಾನೆ. ಆಮೇಲೆ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅನ್ನುತ್ತಾನೆ. ಈ ಮನೆಗೆ ಇವತ್ತು ರಕ್ಷಣೆ ಬಂತು ಅನ್ನುವ ಮಾತು ಬರುವುದು ಇಲ್ಲೇ. ಯಾವುದು ಮೊದಲು, ಯಾವುದು ಆಮೇಲೆ ನೋಡಿ. ಅವನು ದುಡ್ಡು ಕೊಟ್ಟು ಯೇಸುವನ್ನು ಮನೆಗೆ ಕರೆಸಿಕೊಳ್ಳಲಿಲ್ಲ. ಆದರೆ ಯೇಸು ಮನೆಗೆ ಬಂದಮೇಲೂ ಅವನ ಗಂಟು ಬಿಚ್ಚದೇ ಇದ್ದಿದ್ದರೆ? ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಅಂತ ಬೈಬಲಿನ ಇನ್ನೊಂದು ಪತ್ರದಲ್ಲಿ ಯಾಕೋಬ ಬರೆದಿದ್ದು ಅಂಥವರಿಗೇ.

ಇದು ಪ್ರೊಟೆಸ್ಟೆಂಟ್ ಮನೆಯಲ್ಲಿ ಬೆಳೆದ ನನ್ನ ಉತ್ತರ. ಕ್ಯಾಥೊಲಿಕರನ್ನು ಕೇಳಿದರೆ, ಕೃಪೆ ಬರೀ ತೀರ್ಪು ಕೊಟ್ಟು ಬಿಡುವುದಿಲ್ಲ, ಮನುಷ್ಯನನ್ನು ಒಳಗಿನಿಂದಲೇ ನೀತಿವಂತನನ್ನಾಗಿ ಮಾಡುತ್ತದೆ ಅನ್ನುತ್ತಾರೆ. ಕ್ಯಾಥೊಲಿಕ್ ಧರ್ಮಗುರುಗಳು ಸೇರಿದ್ದ ಟ್ರೆಂಟ್ ಸಮ್ಮೇಳನದ 1547ರ ನಿರ್ಣಯವೂ ಅದೇ. ಇದೇ ವಿಷಯಕ್ಕೆ ಚರ್ಚು ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಅಂತ ಒಡೆಯಿತು. 1999ರಲ್ಲಿ ಪ್ರೊಟೆಸ್ಟೆಂಟರಲ್ಲಿ ಒಂದು ಪಂಗಡವಾದ ಲೂಥರನ್ನರೂ ಕ್ಯಾಥೊಲಿಕರೂ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕೂತು, ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದಲೇ, ನಮ್ಮ ಯೋಗ್ಯತೆ ನೋಡಿ ಅಲ್ಲ ಅಂತ ಒಟ್ಟಿಗೆ ಸಹಿ ಹಾಕಿದರು. ವಿವರಗಳಲ್ಲಿ ಜಗಳ ಇನ್ನೂ ಸ್ವಲ್ಪ ಉಳಿದಿದೆ.