ಉಬುಂಟುವಿನಲ್ಲಿ ಪರದೆ ಓದಿ ಹೇಳುವ ಪ್ರೋಗ್ರಾಂ ಓರ್ಕಾ ಮಾತಾಡುತ್ತದೆ, ಆದರೆ ಬ್ರೈಲ್ ಡಿಸ್‌ಪ್ಲೇ (ಪರದೆಯ ಅಕ್ಷರಗಳನ್ನು ಬೆರಳಿಗೆ ತಾಗುವ ಚುಕ್ಕಿಗಳಾಗಿ ತೋರಿಸುವ ಸಾಧನ) ಖಾಲಿ. ಏನು ಮಾಡಬೇಕು? (ದಾವಣಗೆರೆ)

ಮಾತು ಬರುತ್ತಿದೆ ಎಂದರೆ ಓರ್ಕಾ ಸರಿಯಿದೆ. ಅದನ್ನು ಮತ್ತೆ ಇನ್‌ಸ್ಟಾಲ್ ಮಾಡುತ್ತ ಕೂರಬೇಡಿ. ಡಿಸ್‌ಪ್ಲೇ ಜೊತೆ ಮಾತಾಡುವುದು ಓರ್ಕಾ ಅಲ್ಲ, ಬಿಆರ್‌ಎಲ್‌ಟಿಟಿವೈ ಎಂಬ ಬೇರೆ ಪ್ರೋಗ್ರಾಂ. ಮೊದಲು ಅದು ಇನ್‌ಸ್ಟಾಲ್ ಆಗಿ ಓಡುತ್ತಿದೆಯೇ ನೋಡಿ. ಯುಎಸ್‌ಬಿ ಕೇಬಲ್ಲನ್ನೂ ಬದಲಿಸಿ ನೋಡಿ: ಚಾರ್ಜ್ ಮಾತ್ರ ಮಾಡುವ ಮೊಬೈಲ್ ಕೇಬಲ್ಲಿನಲ್ಲಿ ಡೇಟಾ ತಂತಿಯೇ ಇರುವುದಿಲ್ಲ.

ಹೆಚ್ಚಿನವರು ಎಡವುವುದು ಅನುಮತಿಯಲ್ಲಿ. ಓರ್ಕಾ ಬಿಆರ್‌ಎಲ್‌ಟಿಟಿವೈಯನ್ನು ತಲುಪುವ ದಾರಿ ಬಿಆರ್‌ಎಲ್‌ಎಪಿಐ; ಅದರ ಕೀಲಿ ಫೈಲನ್ನು ನಿಮ್ಮ ಖಾತೆ ಓದಲಾಗದಿದ್ದರೆ ಓರ್ಕಾ ಸುಮ್ಮನೆ ಬ್ರೈಲ್ ಕೈಬಿಡುತ್ತದೆ, ದೂರು ಸಹ ಹೇಳುವುದಿಲ್ಲ. ಖಾತೆಯನ್ನು ಬಿಆರ್‌ಎಲ್‌ಎಪಿಐ ಹೆಸರಿನ ಗುಂಪಿಗೆ ಸೇರಿಸಿ, ಪೂರ್ತಿ ಲಾಗ್‌ಔಟ್ ಆಗಿ ಒಳಬನ್ನಿ. ಕಿಟಕಿ ಮುಚ್ಚಿ ತೆರೆದರೆ ಸಾಲದು.

ನಂತರ ಇನ್ಸರ್ಟ್ ಜೊತೆ ಸ್ಪೇಸ್ ಒತ್ತಿ ಓರ್ಕಾ ಸೆಟ್ಟಿಂಗ್ಸ್ ತೆರೆಯಿರಿ, ಬ್ರೈಲ್ ಟ್ಯಾಬಿನಲ್ಲಿ ಕನ್ನಡ ಕೋಷ್ಟಕ (ಅಕ್ಷರಗಳನ್ನು ಚುಕ್ಕಿಗಳಾಗಿ ಬದಲಿಸುವ ಪಟ್ಟಿ) ಆರಿಸಿ. ಇಂಗ್ಲಿಷ್ ಕೋಷ್ಟಕವೇ ಉಳಿದರೆ ಕನ್ನಡದ ಬದಲು ಅರ್ಥವಿಲ್ಲದ ಚುಕ್ಕಿಗಳು ಬರುತ್ತವೆ. ಪರೀಕ್ಷೆಗೆ ‘ದಾವಣಗೆರೆ’ ಎಂದು ಟೈಪ್ ಮಾಡಿ: ಎಂಟು ಕೋಶ (ಚುಕ್ಕಿಗಳ ಗುಂಪು) ಬರಬೇಕು. ಮೊದಲನೆಯದು ದ, ಅಂದರೆ 1-4-5ನೇ ಚುಕ್ಕಿಗಳು. ಎರಡನೆಯದು ಆ, 3-4-5. ಭಾರತೀಯ ಭಾಷೆಗಳ ಬ್ರೈಲ್ ಆದ ಭಾರತಿ ಬ್ರೈಲ್‌ನಲ್ಲಿ ಕಾಗುಣಿತದ ಸ್ವರಕ್ಕೂ ಪ್ರತ್ಯೇಕ ಕೋಶ.